ಸಹಾಯ ಬೇಕು: ರೋಗಾಣುಗಳು ಕಬ್ಬಿಣ ಕಸಿಯುವ ಬಗೆ

ಎಲ್ಲರಿಗೂ ನಮಸ್ಕಾರ. ರೋಗಕಾರಕ ಬ್ಯಾಕ್ಟೀರಿಯಾಗಳು ದೇಹದೊಳಗೆ ಕಬ್ಬಿಣ ಗಳಿಸುವ ಬಗ್ಗೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ರಕ್ತದಲ್ಲಿ ಟ್ರಾನ್ಸ್‌ಫೆರಿನ್, ಕಣ್ಣೀರು ಮತ್ತು ಎದೆಹಾಲಿನಲ್ಲಿ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನುಗಳು ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಡುವುದರಿಂದ, ಇ. ಕೋಲೈಯಂತಹವು ಎಂಟೆರೋಬ್ಯಾಕ್ಟಿನ್ ಎಂಬ ಸೈಡರೋಫೋರ್ (ಕಬ್ಬಿಣವನ್ನು ಹಿಡಿಯುವ ಸಣ್ಣ ಅಣು) ಅನ್ನು ಹೊರಬಿಟ್ಟು ಆ ಕಬ್ಬಿಣವನ್ನು ಸೆಳೆದುಕೊಳ್ಳುತ್ತವೆ. ದೇಹವೂ ಸುಮ್ಮನಿರದೆ ಲಿಪೋಕ್ಯಾಲಿನ್-2 ಎಂಬ ಪ್ರೋಟೀನಿನಿಂದ ಆ ಎಂಟೆರೋಬ್ಯಾಕ್ಟಿನ್ ಅನ್ನೇ ಹಿಡಿದುಹಾಕುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಎಂಟೆರೋಬ್ಯಾಕ್ಟಿನ್‌ಗೆ ಗ್ಲುಕೋಸ್ ಜೋಡಿಸಿ, ಸಾಲ್ಮೋಕೆಲಿನ್ ಆಗಿ ಮಾರ್ಪಡಿಸಿ, ಈ ಹಿಡಿತದಿಂದ ನುಣುಚಿಕೊಳ್ಳುತ್ತದೆ (ಇದನ್ನು ಓದಿ ಬೆರಗಾದೆ). ಇಲ್ಲಿಯವರೆಗೆ ಅರ್ಥವಾಗಿದೆ.

ಆದರೆ ಮೆದುಳುಪೊರೆಯ ಉರಿಯೂತ ತರುವ ನೈಸೀರಿಯಾ ಮೆನಿಂಜೈಟಿಡಿಸ್ ಸ್ವಂತ ಸೈಡರೋಫೋರ್ ತಯಾರಿಸದೆ, ಟ್ರಾನ್ಸ್‌ಫೆರಿನ್‌ನಿಂದಲೇ ನೇರವಾಗಿ ಕಬ್ಬಿಣ ಕೀಳುತ್ತದೆ, ಅದೂ ಮನುಷ್ಯರ ಟ್ರಾನ್ಸ್‌ಫೆರಿನ್‌ಗೇ ಒಗ್ಗಿಕೊಂಡಿದೆ. ಅದರ ಹೊರಪೊರೆಯ ಗ್ರಾಹಕ ಪ್ರೋಟೀನುಗಳು ಇತರ ಪ್ರಾಣಿಗಳ ಟ್ರಾನ್ಸ್‌ಫೆರಿನ್ ಅನ್ನು ಬೇರೆಯೆಂದು ಗುರುತಿಸುವುದು ಹೇಗೆ ಎಂಬುದನ್ನು ಸೂಕ್ಷ್ಮಜೀವಿಶಾಸ್ತ್ರ ಬಲ್ಲವರು ದಯವಿಟ್ಟು ಸರಳವಾಗಿ ವಿವರಿಸುವಿರಾ?