ಮ್ಯಾಕ್ಸಿಮಾ ಕ್ಲಾಮ್ ಮುದುಡಿಕೊಂಡಿದೆ, ಸಿಹಿನೀರಿನಲ್ಲಿ ಅದ್ದಬೇಕೇ?

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ): ನಮಸ್ಕಾರ ಡಾಕ್ಟರ್. ನಮ್ಮ ಮನೆಯಲ್ಲಿ 75 ಗ್ಯಾಲನ್‌ನ ಹವಳದ ಅಕ್ವೇರಿಯಂ ಇದೆ. ಕಳೆದ ತಿಂಗಳು ಎರಡು ಇಂಚಿನ ನೀಲಿ ಮ್ಯಾಕ್ಸಿಮಾ ಕ್ಲಾಮ್ (ದೈತ್ಯ ಕಪ್ಪೆಚಿಪ್ಪಿನ ಒಂದು ಜಾತಿ) ತಂದೆ. ಮೊದಲು ಮ್ಯಾಂಟಲನ್ನು, ಅಂದರೆ ಚಿಪ್ಪಿನೊಳಗಿನ ಬಣ್ಣದ ಮೃದು ಪದರವನ್ನು, ಚಿಪ್ಪಿನ ಅಂಚು ದಾಟಿ ಹರಡುತ್ತಿತ್ತು. ಈಗ ಅರ್ಧದಷ್ಟೂ ತೆರೆಯುತ್ತಿಲ್ಲ. ಒಂದು ಬದಿಯಲ್ಲಿ ಅಂಚು ಚಿವುಟಿದಂತೆ ಒಳಕ್ಕೆ ಮಡಿಚಿಕೊಂಡಿದೆ. ಬಣ್ಣ ಮಾತ್ರ ಹಾಗೆಯೇ ಇದೆ. ಉಷ್ಣಾಂಶ 25.5 ಡಿಗ್ರಿ, ಉಪ್ಪಿನ ಸಾಂದ್ರತೆ 1.025, ಕ್ಷಾರೀಯತೆ 8.4 ಡಿಕೆಎಚ್, ಕ್ಯಾಲ್ಸಿಯಂ 430, ನೈಟ್ರೇಟ್ 5. ಇದು ‘ಪಿಂಚ್ಡ್ ಮ್ಯಾಂಟಲ್’ ರೋಗ, ಇಂದೇ ಸಿಹಿನೀರಿನಲ್ಲಿ ಅದ್ದಿ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಅದ್ದಲೇ?

ಉತ್ತರ (ಜಲಚರ ಪಶುವೈದ್ಯೆ, ಫ್ಲೋರಿಡಾ): ಇಂದು ಅದ್ದಬೇಡಿ. ನಿಮ್ಮ ಗೆಳೆಯರು ಹೇಳಿದ ರೋಗ ಇರುವುದು ನಿಜ, ಅದಕ್ಕೆ ಸಿಹಿನೀರಿನ ಸ್ನಾನವೇ ರೂಢಿಯಲ್ಲಿರುವ ಚಿಕಿತ್ಸೆ ಎಂಬುದೂ ನಿಜ. ಆದರೆ ಸಮುದ್ರದ ಜೀವಿಯನ್ನು ಉಪ್ಪಿಲ್ಲದ ನೀರಿಗೆ ಹಾಕುವುದು ಅದರ ಪಾಲಿಗೆ ದೊಡ್ಡ ಆಘಾತ. ರೋಗ ಅದಲ್ಲದಿದ್ದರೆ, ಮೊದಲೇ ಬಳಲಿದ ಎರಡು ಇಂಚಿನ ಪ್ರಾಣಿಯನ್ನು ನಾವೇ ಕೊಂದಂತಾಗುತ್ತದೆ. ನನ್ನ ಬಳಿಗೆ ಬರುವ ಕ್ಲಾಮ್‌ಗಳಲ್ಲಿ ಹೆಚ್ಚಿನವುಗಳಿಗೆ ಸೋಂಕೇ ಇರುವುದಿಲ್ಲ. ಬೆಳಕು ಸಾಲದೆ ಹಸಿದಿರುತ್ತವೆ, ಬುಡ ಹರಿದಿರುತ್ತದೆ, ಅಥವಾ ಯಾವುದೋ ಜೀವಿ ಅವುಗಳನ್ನು ಕಚ್ಚುತ್ತಿರುತ್ತದೆ.

ನೀವು ಕೊಟ್ಟ ಅಂಕಿಗಳಲ್ಲಿ ಕೊರತೆ ಕಾಣುವುದಿಲ್ಲ. ಉಪ್ಪನ್ನು ಅಳೆಯುವ ರಿಫ್ರಾಕ್ಟೋಮೀಟರನ್ನು ಬರಿಯ ಶುದ್ಧ ನೀರಿನಿಂದ ಸರಿಹೊಂದಿಸಿದ್ದರೆ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪಿನಂಶದ) ದ್ರಾವಣದಿಂದ ಮತ್ತೊಮ್ಮೆ ಸರಿಹೊಂದಿಸಿ. ಆಮೇಲೆ ಈ ನಾಲ್ಕು ವಿಷಯ ತಿಳಿಸಿ. ದೀಪದ ಮುಂದೆ ಕೈ ಆಡಿಸಿದಾಗ ಕ್ಲಾಮ್ ತಟ್ಟನೆ ಮುದುಡುತ್ತದೆಯೇ? ಮ್ಯಾಂಟಲ್‌ನ ಉದ್ದಕ್ಕೂ ಅದಕ್ಕೆ ನೂರಾರು ಪುಟ್ಟ ಕಣ್ಣುಗಳಿವೆ. ಆರೋಗ್ಯವಾಗಿದ್ದರೆ ನೆರಳಿಗೆ ಬೆಚ್ಚಲೇಬೇಕು. ನೀರನ್ನು ಒಳಗೆಳೆದುಕೊಳ್ಳುವ ಸೈಫನ್ ಸೀಳಿನಂತೆ ಕಿರಿದಾಗಿದೆಯೇ, ಅಗಲವಾಗಿ ಬಾಯ್ಬಿಟ್ಟಿದೆಯೇ? ಚಿಪ್ಪಿನ ಮೇಲಂಚಿನಲ್ಲಿ ಹೊಸ ಬೆಳವಣಿಗೆಯ ಬಿಳಿ ಗೆರೆ ಇದೆಯೇ? ತೊಟ್ಟಿಯಲ್ಲಿ ಯಾವ ಯಾವ ಮೀನುಗಳಿವೆ?

ಇನ್ನೊಂದು ಕೆಲಸವನ್ನು ರಾತ್ರಿಯೇ ಮಾಡಬೇಕು. ದೀಪ ಆರಿ ಎರಡು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ಚಿಪ್ಪಿನ ಬುಡವನ್ನೂ ಮ್ಯಾಂಟಲ್‌ನ ಅಂಚನ್ನೂ ನೋಡಿ. ಅಲ್ಲಿಯವರೆಗೆ ಕ್ಲಾಮನ್ನು ಕಲ್ಲಿನಿಂದ ಕೀಳಬೇಡಿ.

ಪ್ರಶ್ನಿಸಿದವರು: ನೆರಳಿಗೆ ಬೆಚ್ಚುತ್ತದೆ, ಆದರೆ ಸ್ವಲ್ಪ ತಡವಾಗಿ. ಸೈಫನ್ ಬಾಯ್ಬಿಟ್ಟಿಲ್ಲ. ಹೊಸ ಬಿಳಿ ಗೆರೆ ಕಾಣುತ್ತಿಲ್ಲ. ಎರಡು ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್, ಒಂದು ಕೋರಲ್ ಬ್ಯೂಟಿ ಏಂಜಲ್ ಇವೆ. ರಾತ್ರಿ ನೋಡಿದಾಗ ಚಿಪ್ಪಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಸಣ್ಣ, ಬಿಳಿಯ, ಮೊನಚು ತುದಿಯ ಬಸವನಹುಳುಗಳು ಕಂಡವು. ಏಳೆಂಟು ಇರಬಹುದು. ಚಿತ್ರ ಹಾಕಿದ್ದೇನೆ.

ಉತ್ತರ: ಚಿತ್ರ ಸ್ಪಷ್ಟವಾಗಿದೆ. ಅವು ಪಿರಮಿಡೆಲಿಡ್ ಬಸವನಹುಳುಗಳು. ಹಗಲು ಬುಡದಲ್ಲಿ ಅಡಗಿದ್ದು, ರಾತ್ರಿ ಮೇಲೇರಿ, ಉದ್ದನೆಯ ಕೊಳವೆಯನ್ನು ಮ್ಯಾಂಟಲ್‌ಗೆ ಚುಚ್ಚಿ ದೇಹದ್ರವ ಹೀರುತ್ತವೆ. ಒಂದಡಿ ಉದ್ದದ ಕ್ಲಾಮ್ ಇವನ್ನು ಬಹುಕಾಲ ತಾಳಿಕೊಳ್ಳಬಲ್ಲದು. ನಿಮ್ಮದಕ್ಕೆ ಅಷ್ಟು ಶಕ್ತಿಯಿಲ್ಲ, ಹಾಗಾಗಿ ನಾಳೆಯೇ ಕೆಲಸ ಶುರುಮಾಡಿ. ಗಾಜಿನ ಮೇಲೆ ಓಡಾಡುವ ದುಂಡನೆಯ ಸಣ್ಣ ಹುಳುಗಳು ನಿರುಪದ್ರವಿಗಳು, ಅವುಗಳ ತಂಟೆಗೆ ಹೋಗಬೇಡಿ.

ಬಕೆಟ್‌ನಲ್ಲಿ ತೊಟ್ಟಿಯ ನೀರನ್ನೇ ತುಂಬಿಕೊಳ್ಳಿ. ಕ್ಲಾಮ್ ಸಣ್ಣ ಕಲ್ಲಿಗೆ ಅಂಟಿದ್ದರೆ ಕಲ್ಲಿನ ಸಮೇತ ಎತ್ತಿ. ದೊಡ್ಡ ಬಂಡೆಗೆ ಅಂಟಿದ್ದರೆ ಬುಡದಿಂದ ಹೊರಟು ಕಲ್ಲನ್ನು ಹಿಡಿದಿರುವ ಬೈಸಲ್ ಎಳೆಗಳನ್ನು ಹೊಸ ಬ್ಲೇಡಿನಿಂದ, ಕಲ್ಲಿಗೆ ಹತ್ತಿರವಾಗಿ ಕತ್ತರಿಸಿ. ದಯವಿಟ್ಟು ಎಳೆಯಬೇಡಿ. ಎಳೆದರೆ ಎಳೆಗಳ ಜೊತೆಗೆ ಅವು ಹುಟ್ಟುವ ಪಾದದ ಮಾಂಸವೂ ಹರಿದು ಬರುತ್ತದೆ. ಕತ್ತರಿಸಿದ ಎಳೆ ಮತ್ತೆ ಬೆಳೆಯುತ್ತದೆ, ಹರಿದ ಪಾದದಿಂದ ಕ್ಲಾಮ್ ಉಳಿಯುವುದು ಅಪರೂಪ. ಅಂಗಡಿಯಲ್ಲಿ ಅವಸರದಿಂದ ಕಿತ್ತುಕೊಟ್ಟ ಕ್ಲಾಮ್‌ಗಳು ಕೆಲವೇ ದಿನಗಳಲ್ಲಿ ಸಾಯುವುದಕ್ಕೆ ಬಹುಪಾಲು ಇದೇ ಕಾರಣ. ಕೊಳ್ಳುವಾಗ ಎಲ್ಲರೂ ಬುಡವನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಎಷ್ಟೋ ಜೀವಗಳು ಉಳಿಯುತ್ತವೆ.

ಹೊಸ, ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಚಿಪ್ಪಿನ ಹೊರಮೈಯನ್ನು, ಅದರಲ್ಲೂ ಮಡಿಕೆಗಳ ಸಂದುಗಳನ್ನು ಉಜ್ಜಿ. ಪಾದ ಹೊರಬರುವ ರಂಧ್ರದೊಳಗೆ ಬ್ರಷ್ ಹಾಕಬೇಡಿ, ಅಲ್ಲಿ ಕಂಡ ಹುಳುಗಳನ್ನು ಚಿಮಟದಿಂದ ತೆಗೆಯಿರಿ. ಲೋಳೆಯಂಥ ಪಾರದರ್ಶಕ ಮುದ್ದೆ ಕಂಡರೆ ಅದು ಮೊಟ್ಟೆ. ಅದನ್ನೂ ತೆಗೆಯದೆ ಉಳಿಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಬಕೆಟ್‌ನ ನೀರನ್ನು ತೊಟ್ಟಿಗೆ ಮರಳಿ ಸುರಿಯಬೇಡಿ. ಕ್ಲಾಮನ್ನು ಮರಳಿ ಇಡುವಾಗ ನೀರಿನೊಳಗೇ ಓರೆ ಮಾಡಿ, ಒಳಗೆ ಸಿಕ್ಕಿದ ಗಾಳಿಯ ಗುಳ್ಳೆ ಹೊರಹೋಗಲಿ. ಮೊದಲ ವಾರ ಪ್ರತಿ ರಾತ್ರಿ, ಆಮೇಲೆ ಒಂದೂವರೆ ತಿಂಗಳವರೆಗೆ ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ತಪ್ಪಿಸಿಕೊಂಡ ಮೊಟ್ಟೆಗಳು ಒಡೆಯುತ್ತಲೇ ಇರುತ್ತವೆ. ಸಿಕ್ಸ್‌ಲೈನ್ ರಾಸ್ ಮೀನು ಈ ಹುಳುಗಳನ್ನು ತಿನ್ನುತ್ತದೆ, ಆದರೆ ಬ್ರಷ್‌ನ ಕೆಲಸವನ್ನು ಪೂರ್ತಿ ಅದಕ್ಕೆ ವಹಿಸಬೇಡಿ.

ಕೋರಲ್ ಬ್ಯೂಟಿಯ ಮೇಲೂ ನನಗೆ ಅನುಮಾನವಿದೆ. ಕುಬ್ಜ ಏಂಜಲ್ ಮೀನುಗಳು ಮ್ಯಾಂಟಲನ್ನು ಕುಕ್ಕುವುದುಂಟು, ಕುಕ್ಕಿಸಿಕೊಂಡ ಕ್ಲಾಮ್ ಇದೇ ರೀತಿ ಮುದುಡುತ್ತದೆ. ಹಳೆಯ ಮೊಬೈಲ್ ಒಂದನ್ನು ತೊಟ್ಟಿಯ ಮುಂದಿಟ್ಟು, ಯಾರೂ ಹತ್ತಿರ ಇಲ್ಲದಾಗ ಒಂದೆರಡು ಗಂಟೆ ಚಿತ್ರೀಕರಿಸಿ.

ಪ್ರಶ್ನೆ (ಸಿಂಗಪುರದಿಂದ, ಊರು ಕುಮಟಾ): ನಮ್ಮ ಕಡೆ ಬಳಚು ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದಿದ್ದರೆ ಸತ್ತಿದೆ ಎಂದು ಎಸೆಯುತ್ತೇವೆ. ಸಾಕಿದ ಕ್ಲಾಮ್‌ಗೂ ಇದೇ ಪರೀಕ್ಷೆ ಸಾಕೇ? ನನ್ನ ಡೆರಾಸಾದ (ಇದೂ ದೈತ್ಯ ಕ್ಲಾಮ್‌ನ ಒಂದು ಜಾತಿ) ನಡುಭಾಗ ಬಿಳಿಚಿಕೊಳ್ಳುತ್ತಿದೆ. ಹೊಸ ಎಲ್‌ಇಡಿ ಹಾಕಿಸಿದ ಮೇಲೆ ಹೀಗಾಗಿದೆ. ಸಣ್ಣ ಕ್ಲಾಮ್‌ಗೆ ಪಾಚಿಯ ದ್ರಾವಣ ಕುಡಿಸಬೇಕು ಎಂದೂ ಕೇಳಿದ್ದೇನೆ.

ಉತ್ತರ: ಸಾವನ್ನು ಗುರುತಿಸಲು ಆ ಪರೀಕ್ಷೆ ಸಾಕು, ಕಾಯಿಲೆಗೆ ಸಾಲದು. ಮುಚ್ಚುವ ಶಕ್ತಿಯೇ ಹೋದ ಮೇಲೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಅದಕ್ಕೂ ಮೊದಲೇ ಸೈಫನ್ ಅಗಲವಾಗುತ್ತದೆ, ನೆರಳಿಗೆ ಬೆಚ್ಚುವುದು ನಿಧಾನವಾಗುತ್ತದೆ. ಆಗಲೇ ಗಮನಿಸಬೇಕು.

ನಿಮ್ಮದು ಬೇರೆಯೇ ತೊಂದರೆ. ಮ್ಯಾಂಟಲ್‌ನಲ್ಲಿ ವಾಸಿಸುವ ಸೂಕ್ಷ್ಮ ಪಾಚಿಗಳೇ ಕ್ಲಾಮ್‌ಗೆ ಆಹಾರ ತಯಾರಿಸಿಕೊಡುತ್ತವೆ. ಬೆಳಕು ಒಮ್ಮೆಲೇ ಹೆಚ್ಚಿದರೆ ಅಥವಾ ನೀರು ಬಿಸಿಯಾದರೆ ಕ್ಲಾಮ್ ಆ ಪಾಚಿಗಳನ್ನು ಹೊರಹಾಕುತ್ತದೆ, ಬಿಳಿಚುವುದು ಹೀಗೆ. ಡೆರಾಸಾಗೆ ಮ್ಯಾಕ್ಸಿಮಾ, ಕ್ರೋಸಿಯಾ ಜಾತಿಗಳಷ್ಟು ಪ್ರಖರ ಬೆಳಕು ಬೇಕಿಲ್ಲ. ಎಲ್‌ಇಡಿಯನ್ನು ಅರ್ಧಕ್ಕೆ ಇಳಿಸಿ, ಮೂರು–ನಾಲ್ಕು ವಾರಗಳಲ್ಲಿ ಮೆಲ್ಲಗೆ ಏರಿಸಿ. ಕ್ಲಾಮನ್ನು ಜಾಗದಿಂದ ಜಾಗಕ್ಕೆ ಎತ್ತಿಡಬೇಡಿ. ನೈಟ್ರೇಟ್ ಸೊನ್ನೆಯಿದ್ದರೆ ಅದನ್ನೂ ಸರಿಪಡಿಸಬೇಕು, ಒಳಗಿನ ಪಾಚಿಗಳಿಗೆ ಸಾರಜನಕ ಬೇಕು. ನೀರು ಎಷ್ಟು ಶುದ್ಧವೋ ಅಷ್ಟು ಒಳ್ಳೆಯದು ಎಂಬ ನಂಬಿಕೆಯಿಂದ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದ ತೊಟ್ಟಿಗಳಲ್ಲಿ ಕ್ಲಾಮ್‌ಗಳು ಸೊರಗುವುದನ್ನು ನೋಡಿದ್ದೇನೆ. ಮೀನುಗಳಿಗೆ ದಿನವೂ ಆಹಾರ ಹಾಕುವ ತೊಟ್ಟಿಯಲ್ಲಿ ಪಾಚಿಯ ದ್ರಾವಣ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಪ್ರಶ್ನೆ (ಬೆಂಗಳೂರಿನಿಂದ): ಮೇಡಂ, ನನ್ನ ಉಪ್ಪುನೀರಿನ ತೊಟ್ಟಿಯಲ್ಲಿ ಸಿಗಡಿಗಳು ಒಂದೊಂದಾಗಿ ಸಾಯುತ್ತಿವೆ, ಮೀನುಗಳು ಚೆನ್ನಾಗಿವೆ. ಅಡುಗೆಮನೆಯ ಆರ್‌ಒ ನೀರನ್ನೇ ಬಳಸುತ್ತೇನೆ. ಇದು ಸರಿಹೋದ ಮೇಲೆ ಒಂದು ಮ್ಯಾಕ್ಸಿಮಾ ತರಿಸಬೇಕೆಂದಿದ್ದೇನೆ.

ಉತ್ತರ: ಮ್ಯಾಕ್ಸಿಮಾ ತರಿಸಬೇಡಿ. ಭಾರತದಲ್ಲಿ ಮ್ಯಾಕ್ಸಿಮಾ ಮತ್ತು ಸ್ಕ್ವಾಮೋಸಾ ಎಂಬ ಕ್ಲಾಮ್ ಜಾತಿಗಳೆರಡೂ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಇವು ಸಹಜವಾಗಿ ಬದುಕುತ್ತವೆ. ಅಲ್ಲಿಗೆ ಹೋಗಿ ನೀರಿನಲ್ಲಿ ಮುಳುಗಿ ನೋಡಿ ಬನ್ನಿ, ಮನೆಗೆ ತರುವ ಯೋಚನೆ ಬೇಡ. ಸಾಕಲು ಅನುಮತಿಯಿರುವ ದೇಶಗಳಲ್ಲಿರುವವರಿಗೂ ಒಂದು ಮಾತು: ಸಮುದ್ರದಿಂದ ಕಿತ್ತು ತಂದದ್ದನ್ನಲ್ಲ, ಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ ಕೊಳ್ಳಿ.

ಸಿಗಡಿಗಳು ಸತ್ತು ಮೀನುಗಳು ಉಳಿದಿವೆ ಎಂದರೆ ನನ್ನ ಮೊದಲ ಅನುಮಾನ ತಾಮ್ರದ ಮೇಲೆ. ನಿಮ್ಮ ಆರ್‌ಒ ಯಂತ್ರದಲ್ಲಿ ತಾಮ್ರ ಸೇರಿಸುವ ಕಾರ್ಟ್ರಿಜ್ ಇದೆಯೇ ನೋಡಿ. ನೀರನ್ನು ತಾಮ್ರದ ಬಿಂದಿಗೆಯಲ್ಲಿ ತುಂಬಿಡುತ್ತಿದ್ದರೆ ಇಂದೇ ನಿಲ್ಲಿಸಿ. ನಮಗೆ ಒಗ್ಗುವ ಪ್ರಮಾಣದ ತಾಮ್ರ ಬೆನ್ನುಮೂಳೆಯಿಲ್ಲದ ಸಮುದ್ರಜೀವಿಗಳಿಗೆ ವಿಷ. ಮೀನುಗಳ ಚುಕ್ಕೆರೋಗಕ್ಕೆ ಎಂದಾದರೂ ತಾಮ್ರದ ಔಷಧ ಹಾಕಿದ್ದರೆ ಅದು ಕಲ್ಲು, ಮರಳುಗಳಲ್ಲಿ ಸೇರಿಕೊಂಡು ಬಹಳ ಕಾಲ ಉಳಿಯಬಹುದು. ಮನೆಯ ಆರ್‌ಒ ಯಂತ್ರಗಳು ಎಷ್ಟೋ ಬಾರಿ ರುಚಿಗಾಗಿ ಕಚ್ಚಾ ನೀರನ್ನೂ ಬೆರೆಸುತ್ತವೆ. ಅಕ್ವೇರಿಯಂಗೆ ಡಿಅಯನೈಸಿಂಗ್ (ಉಳಿದ ಲವಣಗಳನ್ನೂ ತೆಗೆಯುವ) ಹಂತವಿರುವ ಬೇರೆ ಯಂತ್ರ ಬೇಕು. ಅದರಿಂದ ಹೊರಬರುವ ನೀರಿನ ಟಿಡಿಎಸ್ (ಕರಗಿದ ಘನವಸ್ತುಗಳ ಒಟ್ಟು ಪ್ರಮಾಣ) ಸೊನ್ನೆ ಇರಬೇಕು.

ಪ್ರಶ್ನಿಸಿದವರು (ಫ್ರೀಮಾಂಟ್): ಬ್ರಷ್‌ನಿಂದ ಉಜ್ಜಿದೆ, ಮೊಟ್ಟೆಯ ಮುದ್ದೆಯೂ ಸಿಕ್ಕಿತು. ಏಂಜಲ್ ಮೀನು ಎರಡು ಬಾರಿ ಕುಕ್ಕಿದ್ದು ಚಿತ್ರೀಕರಣದಲ್ಲಿ ಕಂಡಿತು, ಅದನ್ನು ಬೇರೆ ತೊಟ್ಟಿಗೆ ಹಾಕಿದ್ದೇನೆ. ಈಗ ಹುಳುಗಳು ಕಾಣುತ್ತಿಲ್ಲ. ಮುಕ್ಕಾಲು ಭಾಗ ಮ್ಯಾಂಟಲ್ ಚೆನ್ನಾಗಿ ಹರಡಿದೆ, ಚಿವುಟಿದ ಭಾಗ ಮಾತ್ರ ಹಾಗೆಯೇ ಉಳಿದಿದೆ. ಈಗಲಾದರೂ ಅದ್ದಲೇ?

ಉತ್ತರ: ಇನ್ನು ಹತ್ತು ದಿನ ಕಾಯಿರಿ, ಗಾಯ ಮಾಯಲು ಸಮಯ ಬೇಕು. ಚಿವುಟಿದ ಭಾಗ ಹರಡುತ್ತಾ ಹೋದರೆ ಅಥವಾ ಹೊಸ ಜಾಗದಲ್ಲಿ ಮಡಿಕೆ ಕಾಣಿಸಿಕೊಂಡರೆ ಮಾತ್ರ ಅದ್ದಿ. ಆಗ ಟಿಡಿಎಸ್ ಸೊನ್ನೆಯಿರುವ ನೀರನ್ನು ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ, ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಬೆರೆಸಿ ಪಿಎಚ್ ಅನ್ನು ತೊಟ್ಟಿಯ ಮಟ್ಟಕ್ಕೆ, ಅಂದರೆ 8.1ರ ಆಸುಪಾಸಿಗೆ ತನ್ನಿ. 20 ನಿಮಿಷ ಸಾಕು, 30 ನಿಮಿಷ ದಾಟಬಾರದು. ಆ ಹೊತ್ತೆಲ್ಲ ಪಕ್ಕದಲ್ಲೇ ಇರಿ. ತೊಟ್ಟಿಯಲ್ಲಿ ಬೇರೆ ಕ್ಲಾಮ್ ಇದ್ದರೆ ಅದಕ್ಕೂ ಅಂದೇ ಸ್ನಾನ ಮಾಡಿಸಬೇಕು. ಪ್ರತಿಜೈವಿಕ ಔಷಧವನ್ನು ಅಂದಾಜಿನ ಮೇಲೆ ಹಾಕಬೇಡಿ. ಪರ್ಕಿನ್ಸಸ್ ಎಂಬ ಪರೋಪಜೀವಿಯ ಸೋಂಕಾಗಿದ್ದರೆ ಆ ಔಷಧ ಕೆಲಸಕ್ಕೂ ಬಾರದು, ಈ ಸೋಂಕನ್ನು ಅಂಗಾಂಶದ ಪರೀಕ್ಷೆಯಿಂದ ಮಾತ್ರ ಖಚಿತಪಡಿಸಬಹುದು. ಸೈಫನ್ ಬಾಯ್ಬಿಟ್ಟು, ಮುಟ್ಟಿದರೂ ಮುಚ್ಚದೆ, ವಾಸನೆ ಬಂದರೆ ರಾತ್ರಿಯಾದರೂ ಸರಿ, ಕೂಡಲೇ ಹೊರತೆಗೆಯಿರಿ. ಮೃದುಮಾಂಸ ಬೇಗ ಕೊಳೆತು ಅಮೋನಿಯಾ ಏರುತ್ತದೆ. ಆ ತೊಟ್ಟಿಯ ನೀರನ್ನೂ ಕಲ್ಲುಗಳನ್ನೂ ಬೇರೆಯವರಿಗೆ ಕೊಡಬೇಡಿ.

ಹತ್ತನೆಯ ದಿನ ಅದೇ ಕೋನದಿಂದ, ಅದೇ ಬೆಳಕಿನಲ್ಲಿ ಮತ್ತೊಂದು ಚಿತ್ರ ಹಾಕಿ. ಚಿಪ್ಪಿನ ಮೇಲಂಚೂ ಕಾಣುವಂತಿರಲಿ, ಬಿಳಿ ಗೆರೆ ಮೂಡಿದೆಯೇ ಎಂದು ಹೋಲಿಸಿ ಹೇಳುತ್ತೇನೆ.