ಜಿಮ್ನಿ 5 ಡೋರ್‌ಗೆ 3 ಡೋರ್‌ನ ಮುಂದಿನ ಸ್ಪ್ರಿಂಗ್ ಹಾಕಿದ ಮೇಲೆ ಸ್ಟೀರಿಂಗ್ ಓರೆ, ಗಾಡಿ ಎಡಕ್ಕೆ ವಾಲಿದೆ

ಮಣ್ಣುದಾರಿ:
ತಲೆ ಕೆಟ್ಟು ಹೋಗಿದೆ. ಜಿಮ್ನಿ 5 ಡೋರ್‌ಗೆ ಮುಂದೆ 3 ಡೋರ್ ಸ್ಪ್ರಿಂಗ್ ಹಾಕಿಸಿದೆ. ಈಗ ನೇರ ರಸ್ತೆಯಲ್ಲೂ ಸ್ಟೀರಿಂಗ್ ಎಡಕ್ಕೆ ಓರೆ. ಮುಂದಿನ ಎಡಭಾಗ ತಗ್ಗು. ಹಂಪ್ ಇಳಿದಾಗ ‘ಟಕ್’ ಅಂತ ಸದ್ದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರಲ್ಲ, ಕೈಯಲ್ಲೇ ಎಳೀಬೇಕು. ಇಎಸ್‌ಪಿ (ಗಾಡಿ ಜಾರದಂತೆ ತಡೆಯೋ ವ್ಯವಸ್ಥೆ) ಲೈಟ್ ಬೇರೆ ಆಗಾಗ ಹೊತ್ತಿಕೊಳ್ಳುತ್ತೆ. ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ, ಸ್ಕ್ರೀನ್ ಮೇಲೆ ಎಲ್ಲಾ ಹಸಿರು. ಏನು ಮಾಡ್ಲಿ?

ಘಟ್ಟದ ಜಿಪ್ಸಿ:
ಸ್ಟೀರಿಂಗ್ ಡ್ಯಾಂಪರ್ ನೋಡಿ, ಸ್ಟೀರಿಂಗ್ ಅದುರದಂತೆ ಹಾಕಿರೋ ಸಣ್ಣ ಶಾಕ್ ಅದು. ಗ್ಯಾಸ್ ತುಂಬಿದ ಡ್ಯಾಂಪರ್ ಆದ್ರೆ ಸ್ಟೀರಿಂಗನ್ನ ಒಂದೇ ಕಡೆ ತಳ್ಳುತ್ತೆ. ಒಂದು ತುದಿ ಬಿಚ್ಚಿಟ್ಟು ಖಾಲಿ ಜಾಗದಲ್ಲಿ ನಿಧಾನ ಓಡಿಸಿ ನೋಡಿ.

ಸ್ಪ್ಯಾನರ್17:
ಬರೆದಿರೋದು ಸಾಲದು ಸರ್. ಸ್ಪ್ರಿಂಗ್ ಸ್ಟಾಕ್ (ಕಂಪನಿ) ಎತ್ತರದ್ದಾ, ಗಾಡಿ ಎತ್ತರ ಮಾಡೋ ಲಿಫ್ಟಾ? ಹಿಂದಿನದೂ ಬದಲಾಯಿಸಿದ್ರಾ? ಲ್ಯಾಟರಲ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿದಿರೋ ಅಡ್ಡ ರಾಡ್) ಬೋಲ್ಟ್ ಬಿಗಿ ಮಾಡಿದ್ದು ಗಾಡಿ ನೆಲದ ಮೇಲಿದ್ದಾಗಲಾ, ಗ್ಯಾರೇಜಿನ ಲಿಫ್ಟ್ ಮೇಲೆ ಚಕ್ರ ನೇತಾಡುವಾಗಲಾ? ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರದ ಮಧ್ಯದಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದು ಅಳತೆ ಹಾಕಿ. ಕಣ್ಣಂದಾಜು ಬೇಡ.

ಮಣ್ಣುದಾರಿ:
ಲಿಫ್ಟೇ, 40 ಎಂಎಂ. ಸ್ಟಾಕ್ ಸ್ಪ್ರಿಂಗ್ ಹಾಕೋಕೆ ಯಾರು ಇಷ್ಟು ಕಷ್ಟಪಡ್ತಾರೆ? ಹಿಂದೆ ಮುಟ್ಟಿಲ್ಲ. ಬೋಲ್ಟ್ ಗ್ಯಾರೇಜಿನ ಲಿಫ್ಟ್ ಮೇಲೇ ಬಿಗಿ ಮಾಡಿದ್ದು. ಎಡಕ್ಕಿಂತ ಬಲ 13 ಎಂಎಂ ಎತ್ತರ ಇದೆ. ಶಾಕ್ ಹಳೆಯದೇ.

ಘಟ್ಟದ ಜಿಪ್ಸಿ:
ಎಡಗಡೆ ಸ್ಪ್ರಿಂಗ್ ಕೂತಿರಬಹುದು, ಒಪ್ಪಿದೆ. ಆದ್ರೂ ಮೊದಲು ಡ್ಯಾಂಪರ್ ಬಿಚ್ಚಿ.

ಸ್ಪ್ಯಾನರ್17:
ಡ್ಯಾಂಪರ್‌ನಿಂದ ಗಾಡಿ ವಾಲಲ್ಲ ಸರ್. 13 ಎಂಎಂ ಅಂದ್ರೆ ಹೆಚ್ಚುಕಡಿಮೆ ಸ್ಪ್ರಿಂಗ್ ತಂತಿಯ ದಪ್ಪ. ನನ್ನ ಅನುಮಾನ ಎತ್ತರ ಇರೋ ಬಲಗಡೆ ಮೇಲೇ. ಕೆಳಗಿನ ಸೀಟಿನಲ್ಲಿ ಸ್ಪ್ರಿಂಗ್ ತುದಿ ಬಂದು ತಾಗೋಕೆ ಒಂದು ಮೆಟ್ಟಿಲು ಇರುತ್ತೆ. ತುದಿ ಅದರೆದುರು ನಿಲ್ಲದೆ ಮೇಲೆ ಹತ್ತಿಕೊಂಡರೆ ಆ ಬದಿ ಒಂದು ತಂತಿಯಷ್ಟು ಎತ್ತರ ಕೂರುತ್ತೆ. ಹಂಪ್ ಇಳಿದು ಭಾರ ಕಮ್ಮಿಯಾದಾಗ ಅಲ್ಲಿಂದ ಜಾರಿ ಸದ್ದು ಮಾಡುತ್ತೆ. ಟಾರ್ಚ್ ಹಾಕಿ ನೋಡಿ, ಸೀಟಿನ ಅಂಚಿನಲ್ಲಿ ಪೇಂಟ್ ಉಜ್ಜಿ ಹೋಗಿ ಉಗುರಿನಾಕಾರದ ಹೊಳಪು ಗುರುತು ಇರುತ್ತೆ.

ಇನ್ನೊಂದು ಪರೀಕ್ಷೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಪೂರ್ತಿ ನೇತಾಡಲಿ. ಸ್ಪ್ರಿಂಗ್ ಕೈಯಲ್ಲಿ ಸುಲಭವಾಗಿ ತಿರುಗಿದರೆ ಅದು ಸೀಟು ಬಿಟ್ಟಿದೆ ಎಂದರ್ಥ. ತಿರುಗದೆ ಶಾಕ್ ಮಾತ್ರ ತುದಿ ಮುಟ್ಟಿದ್ದರೆ ಸದ್ದು ಶಾಕ್‌ನದ್ದೂ ಇರಬಹುದು. 40 ಎಂಎಂ ಮೇಲೆತ್ತಿದಿರಿ, ಹಳೆ ಶಾಕ್ ಉದ್ದ ಅಷ್ಟೇ ಇದೆ. ಕೆಳಗಿಳಿಯೋ ಅವಕಾಶದಲ್ಲಿ ಆ 40 ಹೋಯ್ತು.

ತೋಟದ ರಸ್ತೆ:
ಮೊದಲಿಗೆ ಸ್ಪ್ರಿಂಗ್ ಯಾವುದು ಅಂತ ಖಾತ್ರಿ ಮಾಡ್ಕೊಳ್ಳಿ. ನೋಡೋಕೆ ಒಂದೇ ಥರ ಇದ್ದರೂ ಗಡಸು ಬೇರೆ ಇರುತ್ತೆ. ಉಳಿದದ್ದೆಲ್ಲ ಒಂದೇ ಇದ್ದು ತಂತಿ ಮಾತ್ರ 12ರಿಂದ 13 ಎಂಎಂ ಆದರೂ ಸುಮಾರು 38% ಗಟ್ಟಿಯಾಗುತ್ತೆ, ಯಾಕಂದ್ರೆ ದಪ್ಪದ ನಾಲ್ಕನೇ ಘಾತ ಲೆಕ್ಕಕ್ಕೆ ಬರುತ್ತೆ. ಪೇಂಟ್ ಕೆರೆದು ವರ್ನಿಯರ್‌ನಲ್ಲಿ ಎರಡನ್ನೂ ಅಳೀರಿ. ಕೆಲವು ಸೆಟ್‌ನಲ್ಲಿ ಡ್ರೈವರ್ ಕಡೆಯದು, ಪ್ಯಾಸೆಂಜರ್ ಕಡೆಯದು ಅಂತ ಬೇರೆ ಬೇರೆ ಗುರುತೂ ಇರುತ್ತೆ.

ಘಟ್ಟದ ಜಿಪ್ಸಿ:
ಇಷ್ಟೆಲ್ಲ ತಾಪತ್ರಯ ಜಿಪ್ಸಿಯಲ್ಲಿ ಇಲ್ಲ. ನಾಲ್ಕೂ ಕಡೆ ಲೀಫ್ (ಪಟ್ಟಿ) ಸ್ಪ್ರಿಂಗ್, ಲ್ಯಾಟರಲ್ ರಾಡ್ ಚಿಂತೆ ಇಲ್ಲ. ಕ್ಯಾಸ್ಟರ್ (ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋಕೆ ಬೇಕಾದ ಓರೆ ಕೋನ) ಬೇಕಾ, ಬ್ಲೇಡಿಗೂ ಆಕ್ಸಲ್ ಪ್ಯಾಡಿಗೂ ನಡುವೆ 3 ಡಿಗ್ರಿ ವೆಡ್ಜ್ ಇಟ್ಟು ಯು-ಬೋಲ್ಟ್ ಕಟ್ಟಿದರೆ ಮುಗೀತು.

ತೋಟದ ರಸ್ತೆ:
ವೆಡ್ಜ್ ಇಟ್ಟರೆ ಬ್ಲೇಡುಗಳನ್ನ ಹಿಡಿದಿರೋ ಸೆಂಟರ್ ಬೋಲ್ಟ್ ತಲೆ ಪ್ಯಾಡಿನ ತೂತಿಗೆ ಪೂರ್ತಿ ಇಳಿಯಲ್ಲ ಅಣ್ಣಾ. ಉದ್ದದ ಬೋಲ್ಟ್ ಹಾಕದಿದ್ದರೆ ಆಕ್ಸಲ್ಲೇ ಹಿಂದೆ ಮುಂದೆ ಜರುಗುತ್ತೆ. ಅದನ್ನೂ ಹೇಳಿ.

ಘಟ್ಟದ ಜಿಪ್ಸಿ:
ಉದ್ದದ ಬೋಲ್ಟ್ ಹಾಕಬೇಕು ಅನ್ನೋದು ಎಲ್ಲರಿಗೂ ಗೊತ್ತಿರೋದೇ.

ಮಣ್ಣುದಾರಿ:
ಸ್ಪ್ಯಾನರ್ ಸರ್, ನೀವು ಹೇಳಿದ್ದೇ ಸರಿ. ಬಲಗಡೆ ತುದಿ ಮೆಟ್ಟಿಲ ಮೇಲೆ ಹತ್ತಿ ಕೂತಿತ್ತು, ಆ ಹೊಳಪು ಗುರುತೂ ಇದೆ. ತಿರುಗಿಸಿ ಕೂರಿಸಿದೆ. ಈಗ ಎರಡು ಬದಿಗೂ 3 ಎಂಎಂ ಮಾತ್ರ ವ್ಯತ್ಯಾಸ. ‘ಟಕ್’ ಹೋಯ್ತು. ಡ್ಯಾಂಪರ್ ಕೂಡ ಬಿಚ್ಚಿ ನೋಡಿದೆ, ಏನೂ ಬದಲಾಗಲಿಲ್ಲ. ಸ್ಟೀರಿಂಗ್ ಓರೆ ಹಾಗೇ ಇದೆ. ಸ್ಟೀರಿಂಗ್ ವ್ಹೀಲನ್ನೇ ಬಿಚ್ಚಿ ನೇರ ಕೂರಿಸ್ತೀವಿ ಅಂತಿದ್ದಾರೆ. ಮಾಡಿಸ್ಲಾ?

ಸ್ಪ್ಯಾನರ್17:
ದಯವಿಟ್ಟು ಬೇಡ. ವ್ಹೀಲ್ ಬಿಚ್ಚಿ ಹಾಕಿದರೆ ಕಣ್ಣಿಗೆ ನೇರ ಕಾಣುತ್ತೆ, ಆದರೆ ಸ್ಟೀರಿಂಗ್ ಬಾಕ್ಸ್ ಮಧ್ಯದಲ್ಲಿ ಇರಲ್ಲ. ಗಾಡಿ ನೇರ ಹೋಗುತ್ತಿದ್ದರೂ ಸ್ಟೀರಿಂಗ್ ಕೋನ ಬೇರೆ ಹೇಳಿದರೆ ಇಎಸ್‌ಪಿ ಗೊಂದಲಕ್ಕೆ ಬೀಳುತ್ತೆ. ಈಗ ನಿಮ್ಮ ಲೈಟ್ ಹತ್ತುತ್ತಿರೋದೂ ಬಹುತೇಕ ಇದರಿಂದಲೇ.

ಗಾಡಿ ಎತ್ತರವಾದಾಗ ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಇನ್ನಷ್ಟು ಇಳಿಜಾರಾಗಿ ನಿಲ್ಲುತ್ತೆ, ಅದರ ಅಡ್ಡ ಅಳತೆ ಕಮ್ಮಿಯಾಗುತ್ತೆ. ಲ್ಯಾಟರಲ್ ರಾಡ್‌ನದ್ದೂ ಇದೇ ಕತೆ. ಅದರ ಚಾಸಿ ಕಡೆಯ ತುದಿ ಯಾವ ಬದಿಗಿದೆಯೋ ಆ ಬದಿಗೆ ಆಕ್ಸಲ್ ಕೆಲವು ಎಂಎಂ ಸರಿಯುತ್ತೆ. ಅಲೈನ್‌ಮೆಂಟ್‌ನವರು ಮುಟ್ಟಿದ್ದು ಎರಡು ಚಕ್ರ ಜೋಡಿಸೋ ಟೈ ರಾಡ್, ಅಂದ್ರೆ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ಮಾತ್ರ. ಹಸಿರು ಬರದೆ ಇನ್ನೇನು? ಮೊದಲು ಲ್ಯಾಟರಲ್ ರಾಡ್ ಮತ್ತು ಲೀಡಿಂಗ್ ಆರ್ಮ್ (ಆಕ್ಸಲನ್ನ ಚಾಸಿಗೆ ಹಿಡಿದಿರೋ ಉದ್ದದ ತೋಳು) ಬೋಲ್ಟ್‌ಗಳನ್ನ ಸಡಿಲಿಸಿ, ನಾಲ್ಕೂ ಚಕ್ರ ನೆಲದ ಮೇಲಿರುವಾಗ ಗಾಡಿಯನ್ನ ನಾಲ್ಕು ಸಲ ಕುಕ್ಕಿ, ಆಮೇಲೆ ಮ್ಯಾನುಯಲ್ ಹೇಳುವ ಟಾರ್ಕ್‌ಗೆ ಬಿಗಿ ಮಾಡಿ. ನೇತಾಡುವಾಗ ಬಿಗಿ ಮಾಡಿದರೆ ಬೋಲ್ಟ್ ಸುತ್ತಲಿನ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಅದಾದ ಮೇಲೆ ಡ್ರ್ಯಾಗ್ ಲಿಂಕ್ ಉದ್ದ ಸರಿಪಡಿಸಿ ಸ್ಟೀರಿಂಗ್ ನೇರ ಮಾಡಿ, ಕೊನೆಗೆ ಟೋ.

ಮಣ್ಣುದಾರಿ:
ಮಾಡಿಸಿದೆ. ಸ್ಟೀರಿಂಗ್ ನೇರ, ಲೈಟ್ ಮತ್ತೆ ಬಂದಿಲ್ಲ. ಆದರೆ ತಿರುವಿನಿಂದ ವಾಪಸ್ ಬರೋದು ಇನ್ನೂ ಸೋಮಾರಿ.

ಸ್ಪ್ಯಾನರ್17:
ಅದು ಕ್ಯಾಸ್ಟರ್. ಲೀಡಿಂಗ್ ಆರ್ಮ್ ಹಿಂದಿನ ತುದಿ ಚಾಸಿಗಿದೆ. ಚಾಸಿ ಮೇಲೆ ಹೋದಾಗ ಆಕ್ಸಲ್ ಮುಂದಕ್ಕೆ ಉರುಳಿ ಕ್ಯಾಸ್ಟರ್ ಕಮ್ಮಿಯಾಗುತ್ತೆ. ಆರ್ಮ್ 750 ಎಂಎಂ ಅಂತ ಇಟ್ಟುಕೊಂಡರೆ, ವ್ಹೀಲ್‌ಬೇಸ್ 2590 ಇರೋದರಿಂದ ಮುಂದೆ ಮಾತ್ರ 40 ಎತ್ತಿದಾಗ ಆರ್ಮ್‌ನ ತುದಿ 28 ಎಂಎಂ ಏರುತ್ತೆ, ಸುಮಾರು 2.2 ಡಿಗ್ರಿ ಹೋಗುತ್ತೆ. ಹಿಂದೆಯೂ 40 ಎತ್ತಿದರೆ 3 ಡಿಗ್ರಿ. ಹೋದ ಕೋನ ವಾಪಸ್ ತರೋ ಕ್ಯಾಸ್ಟರ್ ಕರೆಕ್ಷನ್ ಬುಷ್ ಹಾಕಲೇಬೇಕು. ಪ್ರೆಸ್ ಮಾಡುವಾಗ ಬಾಣದ ಗುರುತು ತಲೆಕೆಳಗಾದರೆ ಇದ್ದದ್ದೂ ಹೋಗುತ್ತೆ, ಅಲ್ಲಿ ನಿಂತು ನೋಡಿ.

ಕೆಸರುಗದ್ದೆ:
ನನ್ನ 5 ಡೋರ್‌ನಲ್ಲಿ 50 ಎಂಎಂ ಲಿಫ್ಟ್, 215/75 ಆರ್15 ಮಡ್ ಟೈರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯೋ ಯಂತ್ರ), ಸ್ನಾರ್ಕಲ್. ಬುಷ್ ಹಾಕಿಲ್ಲ, ಚೆನ್ನಾಗೇ ಓಡ್ತಿದೆ.

ತೋಟದ ರಸ್ತೆ:
ಕ್ಯಾಸ್ಟರ್ ಎಷ್ಟಿದೆ, ಅಲೈನ್‌ಮೆಂಟ್ ಪ್ರಿಂಟ್ ಇಲ್ಲಿ ಹಾಕಿ. ಮುಂದೆ ವಿಂಚ್ ಭಾರಕ್ಕೆ ನಿಮ್ಮ 50ರಲ್ಲಿ ಎಷ್ಟು ಉಳಿದಿದೆ ಅಂತಲೂ ಅಳೀರಿ.

ಮಣ್ಣುದಾರಿ:
ಬುಷ್ ಆರ್ಡರ್ ಮಾಡಿದೆ. ಅದೇ 3 ಡೋರ್ ಸೆಟ್‌ನ ಹಿಂದಿನ ಸ್ಪ್ರಿಂಗ್ ಜೋಡಿ ಮನೇಲೇ ಇದೆ. ಅದನ್ನೂ ಹಾಕಿಬಿಡ್ಲಾ?

ಸ್ಪ್ಯಾನರ್17:
ಹಿಂದೆ ಬೇಡ. 3 ಡೋರ್ ವ್ಹೀಲ್‌ಬೇಸ್ 2250, ನಿಮ್ಮದು 340 ಎಂಎಂ ಉದ್ದ. ಆ ಉದ್ದದ ಮೈ, ಹಿಂದಿನ ಬಾಗಿಲು, ಹಿಂದೆ ಕೂರುವ ಜನ, ಸಾಮಾನು, ಎಲ್ಲದರ ಭಾರ ಬೀಳೋದು ಹೆಚ್ಚಾಗಿ ಹಿಂದಿನ ಆಕ್ಸಲ್ ಮೇಲೆ. ನಾಲ್ಕು ಜನ ಕೂತರೆ ಹಿಂದೆ ಕುಸಿದು ಬಂಪ್ ಸ್ಟಾಪ್‌ಗೆ (ಆಕ್ಸಲ್ ಮೇಲೇರೋದನ್ನ ತಡೆಯೋ ರಬ್ಬರ್) ಹೊಡೆಯುತ್ತೆ. 5 ಡೋರ್‌ಗೆಂದೇ ಮಾಡಿದ ಹಿಂದಿನ ಸ್ಪ್ರಿಂಗ್ ತಗೊಳ್ಳಿ, ಜೊತೆಗೆ ನಾಲ್ಕಕ್ಕೂ ಉದ್ದದ ಶಾಕ್. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಪೂರ್ತಿ ನೇತಾಡಿದಾಗ ಬಿಗಿಯುತ್ತಾ ಅಂತ ಇವತ್ತೇ ನೋಡಿ, ಅದಕ್ಕೆ ಪಾರ್ಟ್ ಬರೋವರೆಗೆ ಕಾಯಬೇಡಿ.