ಬಾಗುವ ಪಾಲಿಮರ್ ಸೋಲಾರ್ ಹಾಳೆ ಎಷ್ಟು ವರ್ಷ ಬರುತ್ತದೆ? ಬಳಸಿದವರು ಹೇಳಿ

ಪ್ರಶ್ನೆ: ಹೊರಗಡೆ ಇಡುವ ಒಂದು ಸೆನ್ಸರ್‌ಗೆ ಪಾಲಿಮರ್ ಸೋಲಾರ್ ಹಾಳೆ (ಸಿಲಿಕಾನ್ ಬದಲು ಪ್ಲಾಸ್ಟಿಕ್‌ನಂಥ ಪಾಲಿಮರ್‌ನಿಂದ ಬಿಸಿಲನ್ನು ವಿದ್ಯುತ್ ಮಾಡುವಂಥದ್ದು) ಹಾಕಬೇಕು ಅಂತಿದ್ದೇನೆ. ದಪ್ಪ ಪೈಪಿನ ಮೇಲೆ ಸುತ್ತಿ ಕೂರಬೇಕು. ಮೂರು ವರ್ಷವಾದರೂ ಬಾಳಬೇಕು. ಏನೇನು ಹಾಳಾಗುತ್ತದೆ, ಏನು ನೋಡಿ ತಗೋಬೇಕು?

ಉತ್ತರ: ನನ್ನದು ಹಾಳಾಗಿದ್ದು ಅಂಚಿನಿಂದ. ಹಾಳೆ ಸ್ವಲ್ಪ ದೊಡ್ಡದಾಯಿತು ಅಂತ ಒಂದು ಬದಿಯನ್ನು ಕತ್ತರಿಸಿದ್ದೆ. ಸೆಲ್ಲಿಗೆ ಕತ್ತರಿ ತಾಗಿರಲಿಲ್ಲ, ಖಾಲಿ ಪ್ಲಾಸ್ಟಿಕ್ ಅಂಚು ಮಾತ್ರ ಹೋಗಿತ್ತು. ಕೆಲವೇ ತಿಂಗಳಲ್ಲಿ ಅದೇ ಬದಿಯಿಂದ ಬಣ್ಣ ಮಾಸುತ್ತಾ ಒಳಗೆ ಬಂತು. ಉಳಿದ ಮೂರು ಬದಿ ಹಾಗೇ ಇದ್ದವು. ಆ ಖಾಲಿ ಅಂಚನ್ನು ಸುಮ್ನೆ ಬಿಟ್ಟಿರುವುದಿಲ್ಲ. ಮೇಲಿನ ಫಿಲ್ಮ್ ನೀರಾವಿಯನ್ನು ತಡೆದರೂ ಎರಡು ಫಿಲ್ಮ್ ನಡುವಿನ ಅಂಟಿನೊಳಗಿಂದ ಅದು ನುಸುಳುತ್ತದೆ. ಅಂಚು ಅಗಲ ಇದ್ದಷ್ಟೂ ಅದಕ್ಕೆ ದಾರಿ ದೂರ. ವೈರ್ ಹೊರಬರುವ ಜಾಗವನ್ನೂ ಚೆನ್ನಾಗಿ ಮುಚ್ಚಿ. ತೂತು ಕೊರೆದು ಸ್ಕ್ರೂ ಹಾಕುವುದಂತೂ ಬೇಡವೇ ಬೇಡ.

ಉತ್ತರ: ಲ್ಯಾಬಿನಲ್ಲಿ ಇದೇ ಸೆಲ್ ಮಾಡುತ್ತೇನೆ. ಬಾಗಿಸುವುದಕ್ಕೆ ಸುಲಭದ ಲೆಕ್ಕ ಇದೆ: ಹಾಳೆಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. 0.2 ಮಿ.ಮೀ. ಹಾಳೆಯನ್ನು 10 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿದರೆ ಹೊರಮೈ ಶೇ. 1ರಷ್ಟು ಹಿಗ್ಗುತ್ತದೆ. ಪಾಲಿಮರ್ ಅದನ್ನು ತಡೆದುಕೊಳ್ಳುತ್ತದೆ. ಆದರೆ ಪಾರದರ್ಶಕ ಎಲೆಕ್ಟ್ರೋಡ್ ಐಟಿಒ (ಇಂಡಿಯಂ ಟಿನ್ ಆಕ್ಸೈಡ್, ವಿದ್ಯುತ್ ಹರಿಯುವ ತೆಳು ಪದರ) ಆಗಿದ್ದರೆ ಅದು ಪೆಡಸು, ಹೆಚ್ಚುಕಡಿಮೆ ಅಷ್ಟಕ್ಕೇ ಬಿರುಕು ಬಿಡುತ್ತದೆ. ಸಮ ದಪ್ಪದ ಎರಡು ಫಿಲ್ಮ್‌ಗಳ ನಡುವೆ ಸೆಲ್ ಇದ್ದರೆ ಎಳೆತ ತುಂಬಾ ಕಡಿಮೆ. ದಪ್ಪ ಪೈಪಿಗೆ ಒಮ್ಮೆ ಸುತ್ತಿ ಬಿಟ್ಟರೆ ಚಿಂತೆ ಬೇಡ. ಗಾಳಿಗೆ ಪಟಪಟ ಬಡಿದುಕೊಳ್ಳಲು ಮಾತ್ರ ಬಿಡಬೇಡಿ.

ಇನ್ನೊಂದು ಮಾತು. ಇಷ್ಟು ಸಾವಿರ ಗಂಟೆ ಬಾಳುತ್ತದೆ ಅಂತ ಬರೆದಿದ್ದರೆ, ಎಲ್ಲಿ ಇಟ್ಟು ಅಳೆದರು ಅಂತ ಕೇಳಿ. ಸಾಮಾನ್ಯವಾಗಿ ಅದು ಟಿ80, ಅಂದರೆ ಶಕ್ತಿ ಶೇ. 80ಕ್ಕೆ ಇಳಿಯುವವರೆಗಿನ ಸಮಯ. ಕತ್ತಲಲ್ಲಿಟ್ಟು ಅಳೆದದ್ದೇ ಬೇರೆ, ಬಿಸಿಲಲ್ಲಿ ಅಳೆದದ್ದೇ ಬೇರೆ. 2011ರಲ್ಲಿ ಪ್ರಕಟವಾದ ಐಎಸ್‌ಒಎಸ್ ಅನ್ನುವ, ಇಂಥ ಸೆಲ್‌ಗಳ ಬಾಳಿಕೆ ಪರೀಕ್ಷಿಸುವ ಪದ್ಧತಿಯಲ್ಲಿ ಕತ್ತಲಿಗೆ ಡಿ, ಲ್ಯಾಬಿನ ಬೆಳಕಿಗೆ ಎಲ್, ಹೊರಗಿನ ಬಿಸಿಲಿಗೆ ಒ ಅಂತ ಗುರುತು ಇದೆ. ನಿಮಗೆ ಬೇಕಾದ್ದು ಒ. ಲ್ಯಾಬಿನ ಎಲ್‌ಇಡಿ ಬೆಳಕಿನಲ್ಲಿ ಯುವಿ (ಅತಿನೇರಳೆ ಕಿರಣ) ಇರುವುದೇ ಇಲ್ಲ ಅನ್ನಬಹುದು. ಆದರೆ ಪಾಲಿಮರನ್ನು ಜಾಸ್ತಿ ಕೆಡಿಸುವುದು ಯುವಿಯೇ ಅಲ್ವಾ? ಯುವಿ ತಡೆಯುವ ಫಿಲ್ಮ್ ಇದೆಯಾ ನೋಡಿ.

ಉತ್ತರ: ಶುರುವಿನಲ್ಲಿ ಶಕ್ತಿ ಬೇಗ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಇದಕ್ಕೆ ಬರ್ನ್-ಇನ್ ಅಂತಾರೆ. ಇದು ಗೊತ್ತಿಲ್ಲದೆ ನಾನು ಎರಡನೇ ತಿಂಗಳಲ್ಲೇ ಹಾಳೆ ಬಿಚ್ಚಿಬಿಟ್ಟೆ. ಸೆನ್ಸರ್‌ಗೆ ಎಷ್ಟು ದೊಡ್ಡ ಹಾಳೆ ಬೇಕು ಅನ್ನುವುದನ್ನು ಆ ಇಳಿತ ಮುಗಿದ ಮೇಲಿನ ಶಕ್ತಿ ಹಿಡಿದು ಲೆಕ್ಕ ಹಾಕಿ.